ಆಂಥೂರಿಯಂ: ಪೂರ್ತಿ ಹೆಸರು ಏನು, ಉಪಯೋಗ ಏನು?

ಪ್ರಶ್ನೆ (ಮೂಡಿಗೆರೆಯ ಸದಸ್ಯೆ):
ನಮಸ್ತೆ ಸರ್. ನಮ್ಮ ಜಗಲಿಯಲ್ಲಿ ಕೆಂಪು ಆಂಥೂರಿಯಂ ಇದೆ. ಮನೆಯಲ್ಲಿರುವ ಗಿಡಗಳ ಸಸ್ಯಶಾಸ್ತ್ರೀಯ ಹೆಸರು, ಉಪಯೋಗ ಬರೆದು ತರಲು ಮಗಳಿಗೆ ಶಾಲೆಯಲ್ಲಿ ಹೇಳಿದ್ದಾರೆ. ನರ್ಸರಿ ಚೀಟಿಯಲ್ಲಿ ಬರೀ 'ಆಂಥೂರಿಯಂ ರೆಡ್' ಎಂದಿದೆ. ಔಷಧಿಗೆ ಬರುತ್ತದೆ, ಗಾಳಿ ಶುದ್ಧ ಮಾಡುತ್ತದೆ ಎಂದೆಲ್ಲ ವಾಟ್ಸಾಪ್‌ನಲ್ಲಿ ಓದಿದೆ. ಅದನ್ನೂ ಬರೆಸಬಹುದಾ? ಮನೆಯಲ್ಲಿ ಚಿಕ್ಕ ಮಗು, ನಾಯಿ ಎರಡೂ ಇವೆ.

ಉತ್ತರ (ತೋಟಗಾರಿಕೆ ತಜ್ಞರು, ಚಿಕ್ಕಮಗಳೂರು):
ನಮಸ್ತೆ ಅಮ್ಮ. ಹೆಸರು ಆಂಥೂರಿಯಂ ಆಂಡ್ರಿಯಾನಂ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಮೊದಲ ಪದದ ಮೊದಲ ಅಕ್ಷರ ಮಾತ್ರ ದೊಡ್ಡದು, ಎರಡನೇ ಪದ ಪೂರ್ತಿ ಚಿಕ್ಕ ಅಕ್ಷರ. ಕೈಯಲ್ಲಿ ಬರೆದರೆ ಎರಡೂ ಪದಗಳ ಕೆಳಗೆ ಬೇರೆ ಬೇರೆ ಗೆರೆ ಎಳೆಯಬೇಕು. ಮಕ್ಕಳಿಗೆ ಇದಕ್ಕೂ ಅಂಕ ಹೋಗುತ್ತದೆ.

ಈ ಗಿಡದ ತವರು ದಕ್ಷಿಣ ಅಮೆರಿಕದ ಕೊಲಂಬಿಯಾ ಮತ್ತು ಈಕ್ವೆಡಾರ್. 1876ರಲ್ಲಿ ಅಲ್ಲಿಂದ ಇದನ್ನು ಯುರೋಪಿಗೆ ಪರಿಚಯಿಸಿದವರು ಫ್ರಾನ್ಸಿನ ಎಡ್ವಾರ್ಡ್ ಆಂಡ್ರೆ. ಆಂಡ್ರಿಯಾನಂ ಅವರ ಹೆಸರೇ. ಈಗ ನರ್ಸರಿಯಲ್ಲಿ ಸಿಗುವುದು ಹೆಚ್ಚಾಗಿ ಇದರಿಂದ ಬೆಳೆಸಿದ ಹೈಬ್ರಿಡ್ ಗಿಡಗಳು. ಶಾಲೆಗೆ ಈ ಹೆಸರು ಸಾಕು. ಒಂದು ಸಲ ಹೂವಿನ ನಡುವಿನ ಕಡ್ಡಿ ನೋಡಿ. ಅದು ನೆಟ್ಟಗಿದ್ದರೆ ಆಂಡ್ರಿಯಾನಂ ಕಡೆಯದು. ಸುರುಳಿ ಸುತ್ತಿಕೊಂಡಿದ್ದರೆ ಕೋಸ್ಟರಿಕಾದ ಶೆರ್ಜೆರಿಯಾನಂ. ಅಂದಹಾಗೆ, ಆ ಕೆಂಪು ಭಾಗ ಹೂವಲ್ಲ, ಬಣ್ಣ ಬಂದ ಎಲೆ. ನಿಜವಾದ ಹೂಗಳು ಕಡ್ಡಿಯ ಮೇಲೆ ಸಣ್ಣ ಸಣ್ಣದಾಗಿ ಒತ್ತಾಗಿ ಕೂತಿರುತ್ತವೆ. ಮಗಳಿಗೆ ಲೆನ್ಸ್ ಕೊಟ್ಟು ತೋರಿಸಿ, ತುಂಬ ಖುಷಿಪಡುತ್ತಾಳೆ.

ಕುಟುಂಬದ ಹೆಸರನ್ನೂ ಮರೆಯದೆ ಬರೆಸಿ: ಅರೇಸಿ. ನಮ್ಮ ಕೆಸು, ಸುವರ್ಣಗೆಡ್ಡೆ, ಮನಿಪ್ಲಾಂಟ್ ಎಲ್ಲ ಇದೇ ಕುಟುಂಬ. ಇದು ಗೊತ್ತಿದ್ದರೆ ನಿಮ್ಮ ಮಗು, ನಾಯಿಯ ಪ್ರಶ್ನೆಗೂ ಉತ್ತರ ಸಿಕ್ಕಂತೆ. ಕೆಸುವಿನ ಎಲೆಯ ಪತ್ರೊಡೆಗೆ ಹುಣಸೆಹಣ್ಣು ಕಡಿಮೆಯಾದರೆ ಗಂಟಲು ಕೆರೆಯುತ್ತದಲ್ವಾ? ಅದಕ್ಕೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಸೂಜಿಯಂಥ ಹರಳು. ಆಂಥೂರಿಯಂನ ಎಲೆ, ದಂಟು, ಹೂವು ಎಲ್ಲದರಲ್ಲೂ ಅದೇ ಇದೆ. ಕಚ್ಚಿದರೆ ಬಾಯಿ ಉರಿಯುತ್ತದೆ, ಜೊಲ್ಲು ಸುರಿಯುತ್ತದೆ, ತುಟಿ ಊದಿಕೊಳ್ಳಬಹುದು. ಮಗು ಕಚ್ಚಿದರೆ ಬಾಯಿ ಒರೆಸಿ, ತಣ್ಣೀರು ಕುಡಿಸಿ. ಊತ ಜಾಸ್ತಿಯಾದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಾಯಿಯಾದರೆ ಪಶುವೈದ್ಯರ ಹತ್ತಿರ. ಕುಂಡವನ್ನು ಮಗುವಿನ ಕೈಗೆ ಸಿಗದಷ್ಟು ಎತ್ತರದಲ್ಲಿಡಿ.

ಹಾಗಾಗಿ 'ಔಷಧಿ' ಎಂದು ದಯವಿಟ್ಟು ಬರೆಸಬೇಡಿ. ಯಾರಾದರೂ ಓದಿ ಕಷಾಯ ಮಾಡಿಯಾರು.

ಗಾಳಿಯ ಮಾತು 1989ರ ನಾಸಾ ಅಧ್ಯಯನದಿಂದ ಹಬ್ಬಿದ್ದು. ಅದು ಮುಚ್ಚಿದ ಪೆಟ್ಟಿಗೆಯೊಳಗೆ ಗಿಡಗಳನ್ನಿಟ್ಟು ಮಾಡಿದ ಪ್ರಯೋಗ. ಮನೆ ಹಾಗಿರುವುದಿಲ್ಲ. 2019ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದಾಗ, ಕಟ್ಟಡದೊಳಗೆ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸ ಮಾಡಲು ಚದರ ಮೀಟರಿಗೆ ಕನಿಷ್ಠ 10 ಗಿಡ ಬೇಕು ಎಂದು ಕಂಡುಬಂತು. ಕಿಟಕಿ ತೆರೆದರೆ ಸಾಕು.

ಉಪಯೋಗದಲ್ಲಿ 'ಅಲಂಕಾರ, ಕತ್ತರಿಸಿ ಮಾರುವ ಹೂವು' ಎಂದು ಬರೆಸಿ. ಅದು ಸಣ್ಣ ವಿಷಯವಲ್ಲ. ಹೂದಾನಿಯಲ್ಲಿ ಎರಡು ಮೂರು ವಾರ ನಿಲ್ಲುವ ಹೂವು ಎಷ್ಟಿವೆ ಹೇಳಿ? ಕಡ್ಡಿಯ ಬಣ್ಣ ಬುಡದಿಂದ ಅರ್ಧಕ್ಕಿಂತ ಜಾಸ್ತಿ ಬದಲಾದ ಮೇಲೆ ಕತ್ತರಿಸಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಚಳಿಗೆ ಕಪ್ಪಾಗುತ್ತದೆ.

ಪ್ರಶ್ನೆ (ಸಕಲೇಶಪುರದ ಸದಸ್ಯರು):
ಸರ್, ನಮ್ಮದು ಪ್ರತಿ ಮಳೆಗಾಲ ಎಲೆ ಹಳದಿಯಾಗಿ ಬುಡ ಕೊಳೆಯುತ್ತದೆ. ತೋಟದ ಮಣ್ಣು, ಕೊಟ್ಟಿಗೆ ಗೊಬ್ಬರ ಎರಡೂ ಚೆನ್ನಾಗಿ ಹಾಕಿದ್ದೇನೆ.

ಉತ್ತರ:
ಆ ಮಣ್ಣೇ ತೊಂದರೆ ಸರ್. ಕಾಡಿನಲ್ಲಿ ಆಂಥೂರಿಯಂಗಳು ಹೆಚ್ಚಾಗಿ ಮರಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ನಮ್ಮ ಕೆಮ್ಮಣ್ಣು ಮಲೆನಾಡಿನ ಮಳೆಗೆ ಗಟ್ಟಿಯಾಗಿ ಕೂತುಬಿಡುತ್ತದೆ.

ಗಿಡ ಕಿತ್ತು ಕೊಳೆತ ಬೇರು ಕತ್ತರಿಸಿ. ತೆಂಗಿನ ಸಿಪ್ಪೆಯ ತುಂಡು, ಇಟ್ಟಿಗೆ ಚೂರು, ಇದ್ದಿಲು ಸೇರಿಸಿ ಅದರಲ್ಲಿ ನೆಡಿ. ಸಿಪ್ಪೆಯನ್ನು ಮೊದಲು ಕೆಲವು ದಿನ ನೀರಲ್ಲಿ ನೆನೆಸಿ, ನೀರು ಬದಲಿಸಿ ಒಗರು ತೆಗೆಯಿರಿ. ಜೂನ್ ಹೊತ್ತಿಗೆ ಕುಂಡವನ್ನು ಸೂರಿನ ಒಳಗೆ ಸರಿಸಿ. ಹೆಂಚಿನ ನೀರು ನೇರ ಬೀಳಬಾರದು. ಗಿಡ ಸ್ವಲ್ಪ ಮೇಲೆದ್ದು ಕಾಂಡದಲ್ಲಿ ಬೇರು ಕಾಣಿಸಿದರೆ ಹೆದರಬೇಡಿ, ಅದರ ಸ್ವಭಾವವೇ ಹಾಗೆ. ಅಲ್ಲಿಗೂ ಸಿಪ್ಪೆ ಏರಿಸಿದರಾಯಿತು.

ನೇರ ಬಿಸಿಲು ಬಿದ್ದರೆ ಎಲೆ ಸುಡುತ್ತದೆ. ಕತ್ತಲು ಮೂಲೆಯಲ್ಲಿಟ್ಟರೆ ಬರೀ ಎಲೆ ಬರುತ್ತದೆ, ಹೂ ಬರುವುದಿಲ್ಲ. ಕಾಫಿ ತೋಟದ ಮರದ ನೆರಳಿನಷ್ಟು ಬೆಳಕು ಸಾಕು.

ಪ್ರಶ್ನೆ (ಬೇಲೂರಿನ ಸದಸ್ಯೆ):
ಬಿಳಿ ಹೂವಿನ ಪೀಸ್ ಲಿಲ್ಲಿಯೂ ಆಂಥೂರಿಯಂ ಅಲ್ವಾ ಸರ್?

ಉತ್ತರ:
ಅಲ್ಲ ಅಮ್ಮ. ಅದು ಸ್ಪ್ಯಾಥಿಫಿಲಂ. ಕುಟುಂಬ ಒಂದೇ, ಜಾತಿ ಬೇರೆ. ಹೆಸರಲ್ಲಿ ಲಿಲ್ಲಿ ಇದ್ದರೂ ಲಿಲ್ಲಿಯ ಕುಟುಂಬದ್ದಲ್ಲ. ಮಕ್ಕಳು, ಸಾಕುಪ್ರಾಣಿಗಳ ವಿಷಯದಲ್ಲಿ ಮೇಲೆ ಹೇಳಿದ ಎಚ್ಚರಿಕೆ ಅದಕ್ಕೂ ಅಷ್ಟೇ ಅನ್ವಯ. ಆಂಥೂರಿಯಂಗಿಂತ ಕಡಿಮೆ ಬೆಳಕಿನಲ್ಲೂ ಬಾಳುತ್ತದೆ, ನೀರು ಕಡಿಮೆಯಾದರೆ ಎಲೆ ಜೋತು ಬೀಳುತ್ತದೆ. ಆಗ ನೀರು ಹಾಕಿ.