ಪದ ಬೇಕು: ಎಲೆ ಆಟದ 'ಡೆಕ್'ಗೆ ಕನ್ನಡದಲ್ಲಿ ಏನು? (ಇವತ್ತು ಸಂಜೆಯೊಳಗೆ)

ಗಂಗಾವತಿಯಿಂದ, ಬೆಳಿಗ್ಗೆ 8.10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಕೆಲಸ.

ನಮ್ಮ ಅಕ್ಕನ ಮಗ ಇಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ರಜೆಯಲ್ಲಿ ಹುಡುಗರು ಬಂದು 'ಹಾರ್ತ್‌ಸ್ಟೋನ್' ಅನ್ನುವ ಎಲೆ ಆಟ ಆಡುತ್ತಾರೆ. ಅದರಲ್ಲಿ ಒಬ್ಬರೇ ಕೂತು ಆಡುವ ಸಾಹಸದ ಆಟವೊಂದಿದೆ. ಹೆಸರು 'ಡಂಜನ್ ರನ್'. 2017ರ ಡಿಸೆಂಬರ್‌ನಲ್ಲಿ ಬಂದದ್ದು. ಹೊಸಬರು ಮೂರನೇ, ನಾಲ್ಕನೇ ಎದುರಾಳಿಗೇ ಸೋತು ಬೇಜಾರಾಗಿ ಎದ್ದು ಹೋಗುತ್ತಾರಂತೆ. "ಗೋಡೆಗೆ ಅಂಟಿಸೋಕೆ ಕನ್ನಡದಲ್ಲಿ ಒಂದು ಚಾರ್ಟ್ ಬರೆದುಕೊಡು ಚಿಕ್ಕಮ್ಮ" ಅಂದ. ಒಪ್ಪಿಕೊಂಡೆ. ಡಿಟಿಪಿಯವರು ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೊದಲು ಒಬ್ಬ ವೀರನನ್ನು ಆರಿಸಿಕೊಳ್ಳಬೇಕು. ಕೈಗೆ 10 ಎಲೆಗಳ ಡೆಕ್, ಅಂದರೆ ಆಡಲು ಬಳಸುವ ಎಲೆಗಳ ಗುಂಪು, ಸಿಗುತ್ತದೆ. ಒಬ್ಬರಾದ ಮೇಲೆ ಒಬ್ಬರಂತೆ 8 ಎದುರಾಳಿಗಳು ಬರುತ್ತಾರೆ. ಒಬ್ಬರನ್ನು ಗೆದ್ದರೆ ಮೂರು ಬಂಡಲ್ ಮುಂದೆ ಬರುತ್ತವೆ, ಒಂದೊಂದರಲ್ಲಿ ಮೂರು ಎಲೆ. ಒಂದು ಬಂಡಲ್ ಆರಿಸಿ ಡೆಕ್‌ಗೆ ಸೇರಿಸಿಕೊಂಡು ಮುಂದೆ ಹೋಗಬೇಕು. ಏಳು ಜನರನ್ನು ಗೆದ್ದು ಎಂಟನೆಯವನ ಮುಂದೆ ನಿಲ್ಲುವಾಗ 10 ಇದ್ದದ್ದು 31 ಆಗಿರುತ್ತದೆ. ನಡುವೆ ಸಿಗುವ ನಿಧಿಗಳು, ಅಂದರೆ ವಿಶೇಷ ಬಲ ಕೊಡುವ ಬಹುಮಾನಗಳು, ಬೇರೆ. ಎಲ್ಲಾದರೂ ಒಮ್ಮೆ ಸೋತರೆ ಅಷ್ಟೂ ಹೋಯಿತು. ಮತ್ತೆ 10 ಎಲೆಯಿಂದ ಶುರು.

ಚಾರ್ಟಿನ ಮುಖ್ಯ ಸಾಲು ಸದ್ಯ ಹೀಗಿದೆ: "ದೊಡ್ಡ ಎಲೆ ಕಂಡಿತು ಅಂತ ಆ ಬಂಡಲ್ ಎತ್ತಿಕೊಳ್ಳಬೇಡಿ. ನಿಮ್ಮ ಡೆಕ್‌ನಲ್ಲಿ ಈಗಾಗಲೇ ಇರುವ ಎಲೆಗಳಿಗೆ ಹೊಂದುವ ಬಂಡಲ್ ಆರಿಸಿ." ಓದಿದರೆ ಕನ್ನಡ ಅನ್ನಿಸುತ್ತಿಲ್ಲ. ಡೆಕ್, ಬಂಡಲ್, ರನ್ (ಶುರುವಿನಿಂದ ಗೆಲ್ಲುವ ಇಲ್ಲ ಸೋಲುವವರೆಗಿನ ಒಂದು ಪಯಣ) ಈ ಮೂರಕ್ಕೆ ಪದ ಬೇಕು. 'ಇಸ್ಪೀಟು' ಮಾತ್ರ ಎಲ್ಲೂ ಬರಬಾರದು. ನಮ್ಮ ಕಡೆ ಪೇಪರ್ ತೆರೆದರೆ ಅಂದರ್ ಬಾಹರ್ ಆಡುತ್ತಿದ್ದವರನ್ನು ಹಿಡಿದರು, 52 ಇಸ್ಪೀಟ್ ಎಲೆ ವಶಕ್ಕೆ ತಗೊಂಡರು ಅಂತಲೇ ಇರುತ್ತದೆ. ಆ ಪದ ಗೋಡೆ ಮೇಲೆ ಕಂಡರೆ ತಾಯಂದಿರು ಮಕ್ಕಳನ್ನು ಅಂಗಡಿಗೆ ಕಳಿಸುವುದಿಲ್ಲ. ಇದು ದುಡ್ಡಿನ ಆಟ ಅಲ್ಲ.

ಬಳ್ಳಾರಿಯಿಂದ, 8.45

ಡೆಕ್ ಅಂತಲೇ ಬಿಡಿ ಮೇಡಂ. ಆ ಆಟ ಕನ್ನಡದಲ್ಲಿ ಇಲ್ಲ. ಹುಡುಗರು ಪರದೆ ಮೇಲೆ ಓದುವುದು 'ಡೆಕ್' ಅಂತಲೇ. ಚಾರ್ಟಿನಲ್ಲಿ ಬೇರೆ ಪದ ಇದ್ದರೆ ಇದು ಅದೇನಾ ಅಂತ ಗೊಂದಲ ಆಗುತ್ತದೆ. ನಾನು ಈ ಆಟ ಸುಮಾರು ಆಡಿದ್ದೇನೆ. ಹೊಸಬರಿಗೆ ಬೇಕಾದದ್ದು ಪದ ಅಲ್ಲ, ಉಪಾಯ.

ಒಂದು ಉಪಾಯ ಬರೆದುಕೊಳ್ಳಿ. ಎಲೆ ಹಾಕಲು ಖರ್ಚು ಮಾಡುವ ಶಕ್ತಿಗೆ ಮಾನಾ ಅನ್ನುತ್ತಾರೆ. ಪ್ರತಿ ಪಾಳಿಗೆ ಅದು ಒಂದೊಂದೇ ಏರುತ್ತದೆ, ಹತ್ತಕ್ಕೆ ನಿಲ್ಲುತ್ತದೆ. ಶುರುವಿನಲ್ಲಿ ನಮ್ಮ ಜೀವ ಬರೀ 15. ಮುಂದೆ ಒಂದೊಂದು ಎದುರಾಳಿಗೆ 5 ಏರುತ್ತಾ ಹೋಗುತ್ತದೆ. ಮೊದಲ ಆಟಗಳಲ್ಲಿ ಎಂಟು, ಒಂಬತ್ತು ಮಾನಾದ ಎಲೆ ಕೈಯಲ್ಲಿ ಕೂತರೆ ಅದನ್ನು ಹಾಕುವ ಪಾಳಿ ಬರುವುದರೊಳಗೆ ಆಟವೇ ಮುಗಿದಿರುತ್ತದೆ. ಅಗ್ಗದ ಎಲೆ ಜಾಸ್ತಿ ಇರಲಿ ಅಂತ ಬರೆಯಿರಿ.

ಮತ್ತೆ, ರನ್ ಅನ್ನು 'ಓಟ' ಮಾಡಬೇಡಿ. ಇಲ್ಲಿ ಓಟ ಅಂದರೆ ಕ್ರಿಕೆಟ್.

ಕೊಪ್ಪಳದಿಂದ, 9.05

ಡೆಕ್ ಬೇಡ. ಕಟ್ಟು. ಅಷ್ಟೇ.

ಬೀಡಿ ಕಟ್ಟು, ಊದುಬತ್ತಿ ಕಟ್ಟು, ವೀಳ್ಯದೆಲೆ ಕಟ್ಟು. ಸಂತೆಯಲ್ಲಿ 'ಎಲೆ' ಮತ್ತು 'ಕಟ್ಟು' ಮೊದಲೇ ಜೊತೆಯಲ್ಲಿವೆ. ತಮಿಳರು ಇಸ್ಪೀಟಿನ ಪ್ಯಾಕಿಗೆ ಸೀಟ್ಟುಕ್ಕಟ್ಟು ಅನ್ನುತ್ತಾರೆ. ಅದೇ ಬೇರು. ಅವರಿಗೆ ನಾಚಿಕೆ ಇಲ್ಲ, ನಮಗೇಕೆ?

ಈ ಪದದ ಚೆಂದ ನೋಡಿ. ಅದು ಹೆಸರೂ ಹೌದು, ಕೆಲಸವೂ ಹೌದು. ಮನೆ ಕಟ್ಟು, ಗೂಡು ಕಟ್ಟು, ಪದ ಕಟ್ಟು. ಕಟ್ಟಡ, ಕಟ್ಟೆ, ಕಟ್ಟಳೆ, ಕಟ್ಟುಪಾಡು ಎಲ್ಲ ಒಂದೇ ಮನೆಯವು. ನೀವು ಹೇಳಿದ ಆಟದಲ್ಲಿ ಆಡುವವನು ಎಲೆ ಕೂಡಿಸುತ್ತಾ ಹೋಗುತ್ತಾನೆ ಅಲ್ವಾ? ಅವನು ಕಟ್ಟು ಕಟ್ಟುತ್ತಿದ್ದಾನೆ. 'ಡೆಕ್' ಅಂದಾಗ ಈ ಅರ್ಥ ಕಿವಿಗೆ ಬೀಳುವುದೇ ಇಲ್ಲ.

ಸುಮಾರು 850ರ ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಯಾವುದು ಅಂತ ಹೇಳುವಾಗ ನಾಲ್ಕು ಊರಿನ ಹೆಸರು ಹೇಳುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಆ ಕೊಪಣ ನಮ್ಮ ಕೊಪ್ಪಳ. ಇಲ್ಲಿ ಕೂತು ಹೊರಗಿನಿಂದ ಪದ ಸಾಲ ತರುವ ಜರೂರು ಇಲ್ಲ.

ಬಳ್ಳಾರಿಯಿಂದ, 9.20

ಸರಿ, ಕಟ್ಟು ಅನ್ನೋಣ. ಬಂಡಲ್‌ಗೆ ಏನು ಮಾಡ್ತೀರಿ ಸರ್? ಬಂಡಲ್ ಅಂದರೂ ಕಟ್ಟೇ. "ಮೂರು ಕಟ್ಟಿನಲ್ಲಿ ಒಂದು ಕಟ್ಟು ಆರಿಸಿ ನಿಮ್ಮ ಕಟ್ಟಿಗೆ ಸೇರಿಸಿ" ಅಂತ ಬರೆದರೆ ಹುಡುಗರಿಗೆ ಏನು ತಿಳಿಯುತ್ತದೆ?

ಕೊಪ್ಪಳದಿಂದ, 9.24

ಕಂತೆ.

ಬಳ್ಳಾರಿಯಿಂದ, 9.26

ಕಂತೆ ಅಂದರೆ ಹರಕು ಬಟ್ಟೆ, ಇಲ್ಲ ಸುಳ್ಳಿನ ಕಂತೆ. ಗೆದ್ದವನಿಗೆ ಕೊಡುವ ಬಹುಮಾನಕ್ಕೆ ಆ ಹೆಸರು ಹೊಂದುವುದಿಲ್ಲ.

ಸಿಂಧನೂರಿನಿಂದ, 10.40

ಹೊಲದಿಂದ ಈಗ ಬಂದೆ, ತಡವಾಯಿತು. ಆಟ ನನಗೆ ಗೊತ್ತಿಲ್ಲ. ಆದರೆ ಸಣ್ಣ ಕಟ್ಟಿಗೂ ದೊಡ್ಡ ಕಟ್ಟಿಗೂ ಬೇರೆ ಬೇರೆ ಹೆಸರು ಬೇಕು ಅನ್ನುವುದಾದರೆ ಅದು ನಮ್ಮಲ್ಲಿ ಇದ್ದೇ ಇದೆ. ಜೋಳ ಕೊಯ್ದ ಮೇಲೆ ಕಣಿಕೆಯನ್ನು ಸೂಡು ಕಟ್ಟುತ್ತೇವೆ. ಸೂಡು ಅಂದರೆ ಒಬ್ಬರು ಸುಲಭವಾಗಿ ಎತ್ತಬಹುದಾದಷ್ಟು. ಸೂಡು ಸೂಡು ಒಟ್ಟಿದರೆ ಬಣವೆ.

ಸೂಡು ಕಟ್ಟುವಾಗ ಉದ್ದ ಕಣಿಕೆಗೆ ಉದ್ದದ್ದನ್ನೇ ಸೇರಿಸಬೇಕು. ಗಿಡ್ಡ, ಉದ್ದ ಬೆರೆಸಿದರೆ ಹೊತ್ತು ತರುವಾಗ ಜಾರಿ ಬೀಳುತ್ತದೆ. ನಮ್ಮಪ್ಪ ಇದನ್ನು ಎಷ್ಟು ಸಲ ಹೇಳಿ ಬೈದಿದ್ದಾರೋ. ಮೇಡಂ ಬರೆದ ಸಾಲು ಓದಿದಾಗ ಇದೇ ನೆನಪಾಯಿತು. ಹೊಂದುವುದನ್ನೇ ಸೇರಿಸು ಅಂತ ಅವರೂ ಹೇಳುತ್ತಿದ್ದಾರೆ. ಮೂರು ಎಲೆಯ ಗುಂಪಿಗೆ ಸೂಡು ಅನ್ನಿ. ಬೇಕಾದರೆ ಡೆಕ್‌ಗೆ ಬಣವೆ ಅನ್ನಿ.

ಕೊಪ್ಪಳದಿಂದ, 10.50

ಸೂಡು ಒಳ್ಳೆಯದು. ಒಪ್ಪಿದೆ. ಬಣವೆ ಬೇಡ. ಬಣವೆಯನ್ನು ಯಾರೂ ಕೈಯಲ್ಲಿ ಹಿಡಿಯುವುದಿಲ್ಲ, ಕಲಸುವುದೂ ಇಲ್ಲ.

ರಾಯಚೂರಿನಿಂದ, 11.30

ಕೊಪ್ಪಳದವರ ಮೊದಲ ಮೇಲ್ ಓದಿ ಸುಮ್ನಿರಲು ಆಗಲಿಲ್ಲ. ಸಾಲ ತರುವ 'ಜರೂರು' ಇಲ್ಲ ಅಂದಿರಿ. ಜರೂರು ಅರಬ್ಬಿ ಪದ. ಸಾಲ ಬೇಡ ಅನ್ನುವ ಸಾಲಿನಲ್ಲೇ ಸಾಲ ಇದೆ.

ನಾನು ಇದನ್ನು ಹಂಗಿಸಲು ಹೇಳುತ್ತಿಲ್ಲ. ನಿಮ್ಮ ಊರೂ ನಮ್ಮ ಊರೂ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿ ಇದ್ದವು. ನಮ್ಮ ಅಜ್ಜಿ ಶಾಲೆ ಕಂಡವಳಲ್ಲ. ಆದರೆ ಜಮೀನು, ಕಾಗದ, ಖರ್ಚು, ಬಾಕಿ ಇಲ್ಲದೆ ಅವಳು ಒಂದು ದಿನ ಮಾತಾಡಿದವಳಲ್ಲ. ಅವು ಅವಳಿಗೆ ಹೊರಗಿನ ಪದ ಆಗಿರಲಿಲ್ಲ. ಸಿಂಧನೂರಿನವರು ರೈತರು. 'ರೈತ' ಎಲ್ಲಿಂದ ಬಂತು? ಅದೂ ಅರಬ್ಬಿಯೇ. ತೆಗೆದು ಹಾಕುತ್ತೀರಾ? ಇನ್ನು ಎಲೆ ಆಟಕ್ಕೇ ಬನ್ನಿ. ಎಕ್ಕ, ರಾಜ, ರಾಣಿ, ಗುಲಾಮ. ಗುಲಾಮ ಅರಬ್ಬಿ. ರಾಜ, ರಾಣಿ ಸಂಸ್ಕೃತದ ಕಡೆಯವು. ಎಕ್ಕ 'ಏಕ'ದ ಮನೆಯದು. ಇವನ್ನು ಹಿಡಿದುಕೊಂಡು ನಮ್ಮ ಜನ ತಲೆಮಾರುಗಟ್ಟಲೆ ಕನ್ನಡದಲ್ಲೇ ಆಡಿದ್ದಾರೆ, ಕನ್ನಡದಲ್ಲೇ ಜಗಳ ಮಾಡಿದ್ದಾರೆ. ಇನ್ನು 30 ವರ್ಷಕ್ಕೆ 'ಡೆಕ್ಕು' ಕೂಡ ಹಾಗೇ ಆಗುತ್ತದೆ. ಕೊನೆಗೆ ಒಂದು ಉಕಾರ ಸೇರಿದರೆ ಸಾಕು, ಪದ ನಮ್ಮದು. ಬಸ್ಸು, ಕಾರು, ಇಸ್ಕೂಲು ಆಗಲಿಲ್ಲವೇ?

ಬಳ್ಳಾರಿಯಿಂದ, 11.42

ನಾವು 1953ರವರೆಗೆ ಮದ್ರಾಸಿನವರು. ನಮ್ಮ ಮನೆಯಲ್ಲಿ ಇಸ್ಪೀಟಿಗೆ ಈಗಲೂ ಪೇಕಾಟ ಅನ್ನುವುದು, ತೆಲುಗಿನ ಪದ. ರಾಯಚೂರು ಮೇಡಂ ಹೇಳಿದ್ದು ನನಗೆ ಸರಿ ಕಾಣುತ್ತದೆ.

ಕೊಪ್ಪಳದಿಂದ, 12.05

ಜರೂರು ನನ್ನ ತಪ್ಪು. ತಿದ್ದಿಕೊಂಡೆ, 'ಅಗತ್ಯ' ಅಂತಲೂ ಬರೆಯುವುದಿಲ್ಲ, 'ಬೇಕಿಲ್ಲ' ಸಾಕು.

ಆದರೆ ಮೇಡಂ, ಹಳೆಯ ಸಾಲ ತೀರಿಲ್ಲ ಅಂತ ಹೊಸ ಸಾಲ ಮಾಡುವುದು ಯಾವ ನ್ಯಾಯ? ಜಮೀನು ಬಂದಾಗ ನಮ್ಮ ಹಿರಿಯರನ್ನು ಯಾರೂ ಕೇಳಲಿಲ್ಲ. ದಫ್ತರದಲ್ಲಿ ಬರೆದರು, ಬಾಯಿಗೆ ಬಂತು. ಇವತ್ತು ಗಂಗಾವತಿಯವರು ನಮ್ಮನ್ನು ಕೇಳುತ್ತಿದ್ದಾರೆ. ಕೇಳಿದಾಗಲೂ ಇದ್ದ ಪದ ಹೇಳದೆ ಸುಮ್ಮನಿದ್ದರೆ ಅದು ನಮ್ಮ ತಪ್ಪು. ಇಲ್ಲದ ವಸ್ತುವಿಗೆ ಪದ ತನ್ನಿ, ನನ್ನ ತಕರಾರಿಲ್ಲ. ಮಾನಾವನ್ನು ಮಾನಾ ಅನ್ನಿ. ಕಟ್ಟು ಇಲ್ಲದ ವಸ್ತುವೇ?

ರಾಯಚೂರಿನಿಂದ, 12.09

'ತಕರಾರು' ಅರಬ್ಬಿ.

ಕೊಪ್ಪಳದಿಂದ, 12.11

ಗೊತ್ತು. ವಿಷಯಕ್ಕೆ ಬನ್ನಿ.

ಗಂಗಾವತಿಯಿಂದ, ಮಧ್ಯಾಹ್ನ 2.30

ಗುರುಗಳೇ, ಮೇಡಂ, ಇಬ್ಬರಿಗೂ ಕೈ ಮುಗಿದು ಕೇಳುತ್ತೇನೆ. ರನ್ ಬಾಕಿ ಇದೆ.

ಊಟಕ್ಕೆ ಮುಂಚೆ ಅಂಗಡಿಗೆ ಹೋಗಿ ನಾಲ್ಕು ಹುಡುಗರಿಗೆ ಎರಡು ಸಾಲು ಓದಿ ಹೇಳಿದೆ. ಕಟ್ಟು ಕೇಳಿದ ಕೂಡಲೇ ತಿಳಿಯಿತು. ಒಬ್ಬ ಹುಡುಗ ತಾನಾಗಿಯೇ "ಅಕ್ಕ, ನನ್ನ ಕಟ್ಟು ಸಡಿಲ ಆಗಿತ್ತು, ಅದಕ್ಕೇ ಸೋತೆ" ಅಂದ. ನಾನು ಹೇಳಿಕೊಟ್ಟಿರಲಿಲ್ಲ. ಏನಪ್ಪಾ ಸಡಿಲ ಅಂದರೆ ಅಂತ ಕೇಳಿದೆ. ಒಂದು ಸೂಡು ಮಂತ್ರದ್ದು ತಗೊಂಡನಂತೆ, ಒಂದು ಸೂಡು ದೊಡ್ಡ ರಾಕ್ಷಸರದ್ದು, ಇನ್ನೊಂದು ಪುಟ್ಟ ಸೈನಿಕರದ್ದು. ಯಾವುದಕ್ಕೂ ಯಾವುದೂ ಹೊಂದಲಿಲ್ಲ. ನಾನು ಅರ್ಧ ಪುಟ ಬರೆದು ಹೇಳಲು ಒದ್ದಾಡುತ್ತಿದ್ದದ್ದನ್ನು ಅವನು ಒಂದೇ ಮಾತಿನಲ್ಲಿ ಹೇಳಿದ. 'ಡೆಕ್ ಸಡಿಲ ಆಗಿತ್ತು' ಅಂತ ಅವನು ಹೇಳುತ್ತಿದ್ದನೇ? ನನಗೆ ಹಾಗನ್ನಿಸುವುದಿಲ್ಲ.

ಬಳ್ಳಾರಿಯಿಂದ, 2.50

ಇದು ಚೆನ್ನಾಗಿದೆ. ನನ್ನ ಮಾತು ಹಿಂದಕ್ಕೆ ತಗೊಂಡೆ. ಕಟ್ಟು ಬಿಗಿಯಾಗಿರಬೇಕು ಅನ್ನುವುದೇ ಈ ಆಟದ ಗುಟ್ಟು.

ನಿಧಿಗೂ ಇದೇ ಮಾತು ಹೊಂದುತ್ತದೆ, ಸೇರಿಸಿ. 'ಕ್ಯಾಪ್ಚರ್ಡ್ ಫ್ಲ್ಯಾಗ್' ಅಂತ ಒಂದು ನಿಧಿ ಇದೆ. ಅದು ನಮ್ಮ ಸೈನಿಕರಿಗೆಲ್ಲ ಒಂದು ಏಟು, ಒಂದು ಜೀವ ಜಾಸ್ತಿ ಕೊಡುತ್ತದೆ. ಪುಟ್ಟ ಸೈನಿಕರು ತುಂಬಾ ಇರುವ ಕಟ್ಟಿಗೆ ಅದು ಬಂಗಾರ. ಮಂತ್ರಗಳೇ ತುಂಬಿದ ಕಟ್ಟಿಗೆ ಹೆಚ್ಚು ಉಪಯೋಗ ಇಲ್ಲ. ಏನೂ ತೋಚದಿದ್ದರೆ ಶುರುವಿನ ಜೀವ ಎರಡರಷ್ಟು ಮಾಡುವ 'ಪೋಶನ್ ಆಫ್ ವೈಟಾಲಿಟಿ' ತಗೊಳ್ಳಿ. ಅದು ಯಾವ ಕಟ್ಟಿಗೂ ಆಗುತ್ತದೆ.

ಇನ್ನೊಂದು ಆಟ ಇದೆ, 'ಸ್ಲೇ ದ ಸ್ಪೈರ್', 2019ರದ್ದು. ಅದೂ ಒಬ್ಬರೇ ಆಡುವುದು. ಅದರಲ್ಲಿ ಎಲೆ ಬೇಡ ಅಂತ ಬಿಟ್ಟು ಮುಂದೆ ಹೋಗಬಹುದು. ಅಂಗಡಿಯಲ್ಲಿ ಚಿನ್ನ ಕೊಟ್ಟು ಇದ್ದ ಎಲೆ ತೆಗೆಸಲೂಬಹುದು. ಅಲ್ಲಿ ಹೊಸಬರು ಮಾಡುವ ತಪ್ಪು ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವುದು. ಡಂಜನ್ ರನ್‌ನಲ್ಲಿ ಸೂಡು ಬೇಡ ಅನ್ನಲು ದಾರಿ ಇಲ್ಲ. ಹಾಗಾಗಿ ಮೊದಲ ಎರಡು ಸೂಡಿನಲ್ಲೇ ದಾರಿ ಹಿಡಿಯಬೇಕು.

ರಾಯಚೂರಿನಿಂದ, 3.15

ಹುಡುಗನೇ ಒಪ್ಪಿದ ಮೇಲೆ ನನ್ನದೇನಿದೆ. ಕಟ್ಟು ಇರಲಿ. ನಾನು ಹೇಳಿದ್ದು ಡೆಕ್ ಬರೆಯಿರಿ ಅಂತಲ್ಲ, ಡೆಕ್ ಬರೆದವರನ್ನು ಕನ್ನಡದ ಹಗೆಗಳಂತೆ ನೋಡಬೇಡಿ ಅಂತ.

ರನ್‌ಗೆ ಸುತ್ತು. ಚೌಕಾಬಾರದಲ್ಲಿ ಕಾಯಿ ಮನೆ ಮನೆ ಸುತ್ತಿ ನಡುಮನೆ ಸೇರಿದರೆ ಹಣ್ಣಾಯಿತು ಅನ್ನುತ್ತೇವೆ. ನಡುವೆ ಯಾರಾದರೂ ಕಡಿದರೆ ಕಾಯಿ ಮತ್ತೆ ಮೊದಲ ಮನೆಗೆ. ನಿಮ್ಮ ಆಟವೂ ಇದೇ ಅಲ್ವಾ? ಎಂಟು ಮನೆ ದಾಟಿದರೆ ಸುತ್ತು ಹಣ್ಣಾಯಿತು. ನಡುವೆ ಸೋತರೆ ಕಡಿದರು. ಮಕ್ಕಳಿಗೆ ಅಜ್ಜಿಯ ಮನೆಯಲ್ಲೇ ಈ ಮಾತು ಗೊತ್ತಿರುತ್ತದೆ.

ಕೊಪ್ಪಳದಿಂದ, 3.20

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. 'ಹಣ್ಣು' ಬಿಡಬೇಡಿ.

ಗಂಗಾವತಿಯಿಂದ, 5.35

ಡಿಟಿಪಿ ಅಂಗಡಿಯಿಂದಲೇ ಬರೆಯುತ್ತಿದ್ದೇನೆ. ಅಚ್ಚಿಗೆ ಕೊಟ್ಟದ್ದು ಇಷ್ಟು:

"ಕಟ್ಟು ಬಿಗಿಯಾಗಿರಲಿ. ಮೊದಲ ಎರಡು ಸೂಡು ನೋಡಿ ನಿಮ್ಮ ದಾರಿ ಆರಿಸಿ. ಆಮೇಲೆ ಅದಕ್ಕೆ ಹೊಂದುವ ಸೂಡನ್ನೇ ಸೇರಿಸಿ. ಒಂದೇ ಒಂದು ದೊಡ್ಡ ಎಲೆಯ ಆಸೆಗೆ ಹೊಂದದ ಸೂಡು ಎತ್ತಬೇಡಿ. ಅಗ್ಗದ ಎಲೆ ಜಾಸ್ತಿ ಇರಲಿ, ಮೊದಲ ಪಾಳಿಗಳು ಖಾಲಿ ಹೋಗಬಾರದು. ನಿಧಿಯನ್ನೂ ಕಟ್ಟು ನೋಡಿ ಆರಿಸಿ. ಎಂಟು ಜನರನ್ನು ಗೆದ್ದರೆ ಸುತ್ತು ಹಣ್ಣಾಯಿತು."

ಮೇಲೆ ದಪ್ಪ ಅಕ್ಷರದಲ್ಲಿ 'ಒಂಟಿ ಸಾಹಸ' ಅಂತ ಹಾಕಿಸಿದೆ. ಕೆಳಗೆ ಸಣ್ಣದಾಗಿ ಕಟ್ಟು ಅಂದರೆ ಡೆಕ್, ಸೂಡು ಅಂದರೆ ಬಂಡಲ್, ಸುತ್ತು ಅಂದರೆ ರನ್ ಅಂತಲೂ ಬರೆಸಿದೆ. ಪರದೆ ನೋಡುವ ಮಕ್ಕಳಿಗೆ ಅದು ಬೇಕು. ಸೂಡು ಅಂದಾಗ ನಾಲ್ವರಲ್ಲಿ ಇಬ್ಬರಿಗೆ ತಿಳಿಯಲಿಲ್ಲ, ಪೇಟೆಯ ಮಕ್ಕಳು. ಹಳ್ಳಿಯಿಂದ ಬರುವ ಇನ್ನಿಬ್ಬರು ಅವರಿಗೆ ಕೈ ಅಗಲಿಸಿ ತೋರಿಸಿದರು. ಅದನ್ನು ನೋಡಿ ಪದ ಉಳಿಸಿಕೊಂಡೆ. ಸಿಂಧನೂರಿನ ಅಣ್ಣನವರಿಗೆ ವಿಶೇಷವಾಗಿ ಋಣಿ.

ಕೊಪ್ಪಳದಿಂದ, 5.41

'ನಿಧಿ' ಸಂಸ್ಕೃತ. ಅಚ್ಚಿಗೆ ಹೋಗಿಬಿಟ್ಟಿದೆಯೇ?

ಗಂಗಾವತಿಯಿಂದ, 5.44

ಹೋಗಿದೆ ಗುರುಗಳೇ. ಇಲ್ಲೇ ಪಕ್ಕದ ಆನೆಗೊಂದಿಯಲ್ಲಿ 2019ರಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಯಾಸೆಗೆ ಒಡೆದು ಹಾಕಿದ್ದರು. ಅವತ್ತಿನಿಂದ ನಮ್ಮೂರಿನ ಸಣ್ಣ ಮಕ್ಕಳಿಗೂ ಆ ಪದ ಗೊತ್ತು. ಅದಕ್ಕೆ ಹಾಗೇ ಬಿಟ್ಟೆ.