ಆಗಸ್ಟ್‌ನಲ್ಲಿ ಮಾಂಕ್ಟನ್‌ಗೆ ಹೊರಟಿದ್ದೀವಿ, ಹೋಗಿ ಬಂದವರು ಹೇಳಿ

ಟೊರಾಂಟೋದಲ್ಲಿದ್ದೀವಿ. ಊರಿಂದ ಬಂದಿರೋ ಅಪ್ಪ-ಅಮ್ಮನನ್ನು ನಾಲ್ಕು ದಿನ ನ್ಯೂ ಬ್ರನ್ಸ್‌ವಿಕ್‌ನ ಮಾಂಕ್ಟನ್‌ಗೆ ಕರ್ಕೊಂಡು ಹೋಗ್ತಿದ್ದೀನಿ. ಯಾರಿಗೂ ಫ್ರೆಂಚ್ ಬರಲ್ಲ, ಅಮ್ಮ ಮಾಂಸ ಮುಟ್ಟಲ್ಲ. ಏನು ನೋಡಬೇಕು, ಏನು ತಿನ್ನಬೇಕು?

— ಭಾಷೆ ಚಿಂತೆ ಬಿಡಿ. 2002ರಲ್ಲೇ ಅಧಿಕೃತವಾಗಿ ದ್ವಿಭಾಷಾ ನಗರ ಅನ್ನಿಸಿಕೊಂಡ ಊರದು, ಇಂಗ್ಲಿಷಲ್ಲಿ ಎಲ್ಲ ನಡೆಯುತ್ತೆ. ಆದರೂ ಅಂಗಡಿಗೆ ಹೋದಾಗ ಮೊದಲು 'ಬೋನ್‌ಜೂರ್' ಅನ್ನಿ, ಅವರ ಮುಖ ಅರಳುತ್ತೆ. ಪಕ್ಕದ ಡಿಯೆಪ್ ಊರಲ್ಲಿ ಫ್ರೆಂಚ್ ಮಾತಾಡೋರೇ ಹೆಚ್ಚು, ಶನಿವಾರದ ಸಂತೆಗೆ ಹೋಗಿ. ಅಲ್ಲಿ 'ಶಿಯಾಕ್' ಮಾತು ಕಿವಿಗೆ ಬೀಳುತ್ತೆ: ಇಂಗ್ಲಿಷ್ ಕ್ರಿಯಾಪದ ತಗೊಂಡು ಫ್ರೆಂಚ್ ಪ್ರತ್ಯಯ ಹಚ್ಚೋದು. ನಾವು ಬೆಂಗಳೂರಲ್ಲಿ 'ಅಡ್ಜಸ್ಟಿಸಿ' ಅಂದ ಹಾಗೆ.

— ಅಮ್ಮನಿಗೆ ಒಂದು ಎಚ್ಚರಿಕೆ. 'ಪುಟೀನ್ ರಾಪೆ' ಅಂದರೆ ಮಾಂಟ್ರಿಯಲ್‌ನ ಚೀಸ್ ಹಾಕಿದ ಪುಟೀನ್ ಅಲ್ಲ. ಆಲೂಗಡ್ಡೆ ತುರಿದು ಕಟ್ಟಿದ ದೊಡ್ಡ ಉಂಡೆ, ನೋಡೋಕೆ ಕಡುಬು, ಒಳಗೆ ಹಂದಿಮಾಂಸ! 'ಫ್ರಿಕೋ' ಸಾಮಾನ್ಯವಾಗಿ ಕೋಳಿ ಸಾರು. ನಾವು ಅಡುಗೆಮನೆ ಇರೋ ರೂಮು ಹಿಡಿದು ಅನ್ನ-ಸಾರು ಮಾಡ್ಕೊಂಡ್ವಿ.

— ಪೆಟಿಕೋಡಿಯಾಕ್ ನದಿ ದಂಡೆಯಲ್ಲಿ ಉಬ್ಬರದ ವೇಳೆ ನೋಡ್ಕೊಂಡು ನಿಲ್ಲಿ. ಫಂಡಿ ಕೊಲ್ಲಿಯ ನೀರು ಒಂದು ಅಲೆಯಾಗಿ ಕಂದು ನದಿಯನ್ನು ಹಿಂದಕ್ಕೆ ತಳ್ಕೊಂಡು ಬರುತ್ತೆ. 1968ರ ಒಡ್ಡಿನಿಂದ ಬಡವಾಗಿದ್ದ ಆ ಅಲೆ, 2010ರಲ್ಲಿ ಗೇಟು ತೆರೆದ ಮೇಲೆ ಮತ್ತೆ ಚೇತರಿಸಿಕೊಂಡಿತು. ಹೋಪ್‌ವೆಲ್ ಬಂಡೆಗಳಿಗೆ ಮಾತ್ರ ಇಳಿತದ ಹೊತ್ತಿಗೇ ಹೋಗಿ, ಸಮುದ್ರದ ತಳದಲ್ಲೇ ಓಡಾಡಬಹುದು.

ಆದರೆ ಇವೆರಡಕ್ಕಿಂತ ಮೊದಲು ವಿಶ್ವವಿದ್ಯಾಲಯದ ಅಕಾಡಿಯನ್ ಮ್ಯೂಸಿಯಂಗೆ ಹೋಗಿ ಅಂತ ನನ್ನ ಒತ್ತಾಯ. ಅಕಾಡಿಯನ್ನರು ಅಂದರೆ ಹಿಂದೆ ಇಲ್ಲಿಗೆ ಬಂದು ನೆಲೆಸಿದ ಫ್ರೆಂಚರ ವಂಶದವರು. 1755ರಿಂದ ಬ್ರಿಟಿಷರು ಈ ಜನರನ್ನು ಹೊಲ-ಮನೆ ಬಿಡಿಸಿ ಹಡಗು ಹತ್ತಿಸಿದರು. ಆ ವರ್ಷ ಬೋಸೆಜೂರ್ ಕೋಟೆ ಗೆದ್ದು, ಆ ಸುತ್ತಿನ ಜನರನ್ನು ಹೊರಹಾಕಿಸಿದ ಸೇನಾಧಿಕಾರಿ ರಾಬರ್ಟ್ ಮಾಂಕ್ಟನ್. ಊರಿಗೆ ಅವನದೇ ಹೆಸರು. 1963ರಲ್ಲಿ ಆರಂಭವಾದ ಅವರ ಫ್ರೆಂಚ್ ವಿಶ್ವವಿದ್ಯಾಲಯಕ್ಕೂ ಅದೇ ಹೆಸರು. ಇದು ಗೊತ್ತಾದ ಮೇಲೆ ಆ ಬೀದಿಗಳಲ್ಲಿ ಕೇಳೋ ಒಂದೊಂದು ಫ್ರೆಂಚ್ ಮಾತೂ ನನಗೆ ಬೇರೆ ಥರ ಕೇಳಿಸ್ತು.

ಸಾಧ್ಯವಾದರೆ 15ನೇ ತಾರೀಖು ಅಲ್ಲೇ ಇರಿ. ನಮ್ಮ ಸ್ವಾತಂತ್ರ್ಯ ದಿನವೇ ಅವರ ನಾಡಹಬ್ಬ. ನಕ್ಷತ್ರ ಇರೋ ತ್ರಿವರ್ಣ ಹಿಡಿದು, ತಟ್ಟೆ-ಪಾತ್ರೆ ಬಡಿಯುತ್ತಾ 'ತೆಂತಮಾರ್' ಮೆರವಣಿಗೆ ಹೊರಡ್ತಾರೆ, ನಾವಿನ್ನೂ ಇಲ್ಲೇ ಇದ್ದೀವಿ ಅಂತ. ಅಪ್ಪನ ಕೈಗೂ ಒಂದು ತಟ್ಟೆ, ಸೌಟು ಕೊಡಿ.

— ಎಲ್ಲರಿಗೂ ಧನ್ಯವಾದ. 14ಕ್ಕೆ ಟಿಕೆಟ್ ಬದಲಾಯಿಸಿದೆ. ಸೌಟು ಅಮ್ಮನೇ ಬ್ಯಾಗಿಗೆ ಹಾಕಿದ್ದಾರೆ.