ಪದ ಬೇಕು: ಎಕ್ಸ್‌ಪೋಷರ್, ಸ್ಟಾಪ್, ಕಾಂಪನ್ಸೇಶನ್ (ನಾಳೆ ಹತ್ತಕ್ಕೆ ಫ್ಲೆಕ್ಸ್ ಪ್ರಿಂಟಿಗೆ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಪತ್ರಿಕೋದ್ಯಮದ ಹುಡುಗರಿಗೆ ಎರಡು ದಿನದ ಕ್ಯಾಮೆರಾ ಶಿಬಿರ ಇದೆ. ಗೋಡೆಗೆ ಒಂದು ಫ್ಲೆಕ್ಸ್ ಹಾಕಬೇಕು. ಮ್ಯಾನ್ಯುಯಲ್ ಮೋಡ್‌ನಲ್ಲಿ ಯಾವುದನ್ನು ತಿರುಗಿಸಿದರೆ ಏನಾಗುತ್ತದೆ ಅಂತ ಅದರಲ್ಲಿ ಇರಬೇಕು. ಕನ್ನಡ ಮಾಡುವ ಕೆಲಸ ನನ್ನ ತಲೆಗೆ ಬಂತು. ಸದ್ಯಕ್ಕೆ ಎಕ್ಸ್‌ಪೋಷರ್‌ಗೆ (ಫೋಟೊಗೆ ಬೀಳುವ ಬೆಳಕಿನ ಪ್ರಮಾಣ) ಒಡ್ಡಿಕೆ, ಅಪರ್ಚರ್‌ಗೆ (ಬೆಳಕು ಬರುವ ಲೆನ್ಸಿನ ತೂತು) ದ್ಯುತಿರಂಧ್ರ, ಶಟರ್ ಸ್ಪೀಡ್‌ಗೆ (ಬೆಳಕಿಗೆ ಎಷ್ಟು ಹೊತ್ತು ತೆರೆದಿರುತ್ತದೆ ಎನ್ನುವುದು) ಕವಾಟ ವೇಗ, ಐಎಸ್‌ಒಗೆ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸುತ್ತದೆ ಎನ್ನುವುದು) ಸಂವೇದನಾಶೀಲತೆ ಎಂದು ಬರೆದಿದ್ದೇನೆ. ‘ಒಂದು ಸ್ಟಾಪ್ ಜಾಸ್ತಿ’ ಎನ್ನುವುದು ‘ಒಂದು ನಿಲುಗಡೆ ಹೆಚ್ಚು’ ಆಗಿದೆ. ಎಕ್ಸ್‌ಪೋಷರ್ ಕಾಂಪನ್ಸೇಶನ್ ಎನ್ನುವುದು ‘ಒಡ್ಡಿಕೆ ಪರಿಹಾರ’. ಈ ಕೊನೆಯ ಎರಡು ನನಗೇ ಸರಿ ಕಾಣುತ್ತಿಲ್ಲ. ಬೆಳಕು ಹೆಚ್ಚಾಗಿ ಓವರ್ ಆದ ಫೋಟೊ, ಕಡಿಮೆಯಾಗಿ ಅಂಡರ್ ಆದ ಫೋಟೊಗೆ ಏನನ್ನಬೇಕೋ ಹೊಳೆಯಲೇ ಇಲ್ಲ. ನಾಳೆ ಹತ್ತು ಗಂಟೆಗೆ ಪ್ರಿಂಟಿಗೆ ಹೋಗುತ್ತದೆ. ದಯವಿಟ್ಟು ಬೇಗ ಹೇಳಿ.

— ಹಾಸನ

ಒಡ್ಡಿಕೆ ಪರಿಹಾರವಾ? ಅರ್ಜಿ ಎಲ್ಲಿ ಕೊಡಬೇಕು ಮಾರಾಯ್ರೆ, ತಾಲ್ಲೂಕು ಕಚೇರಿಯಲ್ಲಾ? ಪರಿಹಾರ ಎಂದರೆ ನೆರೆ ಬಂದಾಗ ಸರ್ಕಾರ ಕೊಡುವುದು.

ಇಲ್ಲಿ ನಡೆಯುವುದೇ ಬೇರೆ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಎದುರಿಗೆ ಕಂಡದ್ದನ್ನೆಲ್ಲ ನಡುಬೂದು ಬಣ್ಣ ಎಂದುಕೊಂಡು ಲೆಕ್ಕ ಹಾಕುತ್ತದೆ. ಮದುವೆ ಮನೆಯಲ್ಲಿ ಫ್ರೇಮ್ ತುಂಬ ಬಿಳಿ ಪಂಚೆ ಇದ್ದರೆ ಪಂಚೆ ಬೂದಿ ಬಣ್ಣಕ್ಕೆ ಬರುತ್ತದೆ. ಆಗ ಪ್ಲಸ್ ಒಂದು. ಫ್ರೇಮ್ ತುಂಬ ಎಮ್ಮೆ ಇದ್ದರೆ ಅದೂ ಬೂದಿ. ಆಗ ಮೈನಸ್. ಮೀಟರ್ ಮೋಸ ಹೋದದ್ದನ್ನು ನಾವು ಸರಿದೂಗಿಸುತ್ತೇವೆ, ಅಷ್ಟೇ. ‘ಸರಿದೂಗಿಕೆ’ ಎನ್ನಿ. ವ್ಯೂಫೈಂಡರ್‌ನಲ್ಲಿ ನಡುವೆ ಸೊನ್ನೆ, ಆಚೀಚೆ ಪ್ಲಸ್ ಮೈನಸ್. ತಕ್ಕಡಿ ಮುಳ್ಳೇ ಅಲ್ವಾ ಅದು?

— ಉಡುಪಿ

ಮೊದಲು ಒಡ್ಡಿಕೆಯನ್ನು ಕೈಬಿಡಿ. ನಮ್ಮ ಕಡೆ ಒಡ್ಡು ಎಂದರೆ ಹೊಲಕ್ಕೆ ಹಾಕುವ ಮಣ್ಣಿನ ಏರಿ. ಮಳೆ ನೀರು ಹರಿದು ಹೋಗದ ಹಾಗೆ ತಡೆಯುತ್ತದೆ. ಬೆಳಕನ್ನು ಒಳಗೆ ಬಿಡುವ ಕೆಲಸಕ್ಕೆ ನೀರು ತಡೆಯುವ ಪದವೇ?

— ವಿಜಯಪುರ

ಹೊಲದ ಒಡ್ಡು ನಾಮಪದ. ಇಲ್ಲಿರುವುದು ಕ್ರಿಯಾಪದ. ಬಿಸಿಲಿಗೆ ಮೈಯೊಡ್ಡು, ಬೇಡುವಾಗ ಕೈಯೊಡ್ಡು. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಚರ್ಚಿಸಬೇಕಾದದ್ದು ಅಪರ್ಚರ್ ಎಷ್ಟು ತೆರೆದಿದೆ ಎಂದು ಹೇಳುವ ಎಫ್ ಸಂಖ್ಯೆ. ಅದು ಭಿನ್ನರಾಶಿ ಎಂದು ಯಾರೂ ಹೇಳಿಕೊಡುವುದಿಲ್ಲ. 50 ಮಿ.ಮೀ. ಲೆನ್ಸಿನಲ್ಲಿ ಎಫ್/2 ಎಂದರೆ ತೂತಿನ ಅಡ್ಡಳತೆ 50ರಲ್ಲಿ ಅರೆ, ಅಂದರೆ 25 ಮಿ.ಮೀ. ಎಫ್/4 ಎಂದರೆ ಕಾಲು. ಎಫ್/8 ಎಂದರೆ ಅರೆಕಾಲು. ಎಫ್/16 ಎಂದರೆ ವೀಸ, ಹದಿನಾರರಲ್ಲಿ ಒಂದು ಪಾಲು! ನಮ್ಮ ಅಜ್ಜಂದಿರು ಬಾಯಿಪಾಠ ಮಾಡಿದ ಲೆಕ್ಕ ಇದು. ಹೀಗೆ ಬರೆದರೆ ಸಂಖ್ಯೆ ದೊಡ್ಡದಾದಂತೆ ತೂತು ಯಾಕೆ ಸಣ್ಣದಾಗುತ್ತದೆ ಎಂದು ಯಾವ ಹುಡುಗನೂ ಕೇಳುವುದಿಲ್ಲ. ಫ್ಲೆಕ್ಸಿನಲ್ಲಿ ವೀಸ ಎಂದೇ ಹಾಕಿ.

— ಮೈಸೂರು

ಎಫ್/5.6ಕ್ಕೆ ಏನನ್ನುವುದು ಸಾರ್? ವೀಸ ಎಂದು ಬರೆದರೆ ಹುಡುಗರು ಪಾಸ್‌ಪೋರ್ಟ್ ಹಿಡಿದುಕೊಂಡು ಬರುತ್ತಾರೆ.

— ಉಡುಪಿ

ತಮಾಷೆ ಉತ್ತರವಾಗುವುದಿಲ್ಲ.

— ಮೈಸೂರು

ನಾನು ಸ್ಟುಡಿಯೋದವನು. ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಮ್ಮಿ. ಇವತ್ತು ಸುಮ್ನೆ ಇರಲಾಗಲಿಲ್ಲ.

ಸ್ಟಾಪ್ ಎಂದರೆ ಬಸ್ ಸ್ಟಾಪ್ ಅಲ್ಲ. ಹಳೇ ಕಾಲದ ಲೆನ್ಸಿನಲ್ಲಿ ಒಂದು ಸೀಳು ಇರುತ್ತಿತ್ತು. ಬೇರೆ ಬೇರೆ ಅಳತೆಯ ತೂತು ಕೊರೆದ ಹಿತ್ತಾಳೆ ತಗಡುಗಳನ್ನು ಅದರಲ್ಲಿ ತೂರಿಸುತ್ತಿದ್ದರು. 1858ರಲ್ಲಿ ಜಾನ್ ವಾಟರ್‌ಹೌಸ್ ಎಂಬ ಇಂಗ್ಲೆಂಡಿನವರು ತಂದದ್ದು. ತೂತು ಬಿಟ್ಟು ಉಳಿದ ತಗಡು ಬೆಳಕನ್ನು ತಡೆಯುತ್ತದೆ. ಅದಕ್ಕೇ ಸ್ಟಾಪ್. ಈಗ ತಗಡೂ ಇಲ್ಲ, ಸೀಳೂ ಇಲ್ಲ. ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್ ಮೇಲೆ, ಅರ್ಧವಾದರೆ ಒಂದು ಸ್ಟಾಪ್ ಕೆಳಗೆ. ಎಫ್/5.6ರಿಂದ ಎಫ್/8ಕ್ಕೆ ಹೋದರೂ ಒಂದು ಇಳಿದ ಹಾಗೆ, ಶಟರ್ 1/125ರಿಂದ 1/250ಕ್ಕೆ ಹೋದರೂ ಒಂದು ಇಳಿದ ಹಾಗೆ. ನಾವು ಹುಡುಗರಿಗೆ ‘ಒಂದು ಇಳಿಸೋ’ ಎನ್ನುತ್ತೇವೆ. ಏರಿಸುವುದು, ಇಳಿಸುವುದು ಇದ್ದ ಮೇಲೆ ‘ಮೆಟ್ಟಿಲು’ ಎಂದರೆ ಆಯಿತಲ್ಲ.

ಸಂವೇದನಾಶೀಲತೆ ಬೇಡ, ಅದು ಕವಿಗಳಿಗೆ ಇರುವುದು. ಐಎಸ್‌ಒ 6400 ಇಟ್ಟರೆ ಕವಿಯೂ ತಡೆಯಲಾರ. ಐಎಸ್‌ಒ ಸಂಸ್ಥೆಯ ಹೆಸರು, ಹಾಗೇ ಬಿಡಿ. ಮೊದಲು ಫಿಲ್ಮಿಗೆ ಅಮೆರಿಕದವರ ಅಳತೆ ಎಎಸ್‌ಎ ಬೇರೆ, ಜರ್ಮನಿಯವರ ಡಿನ್ ಬೇರೆ ಇತ್ತು. ಎರಡನ್ನೂ ಸೇರಿಸಿ ಫಿಲ್ಮ್ ಡಬ್ಬದ ಮೇಲೆ 100/21 ಎಂದು ಹಾಕುತ್ತಿದ್ದರು. ಇನ್ನೊಂದು ಮಾತು. ಐಎಸ್‌ಒ ಏರಿಸಿದರೆ ಒಳಗೆ ಬರುವ ಬೆಳಕು ಹೆಚ್ಚುವುದಿಲ್ಲ. ಬಂದಷ್ಟನ್ನೇ ಹಿಗ್ಗಿಸಿ ತೋರಿಸುತ್ತದೆ, ಜೊತೆಗೆ ಕಾಳುಕಾಳು. ಫ್ಲೆಕ್ಸಿನಲ್ಲಿ ಆ ತಪ್ಪು ಮಾಡಬೇಡಿ.

ಓವರ್ ಆದ ಫೋಟೊಗೆ ನಮ್ಮ ಅಪ್ಪ ‘ಬಿಳಿಚಿಕೊಂಡಿದೆ’ ಅನ್ನುತ್ತಿದ್ದರು. ಅಂಡರ್ ಆದರೆ ‘ಕಪ್ಪಿಟ್ಟಿದೆ’. ಡಾರ್ಕ್‌ರೂಮಿನಿಂದ ಹೊರಗೆ ಬರುವಾಗ ಅವರ ಮುಖವೂ ಎರಡರಲ್ಲಿ ಒಂದಾಗಿರುತ್ತಿತ್ತು.

— ಶಿವಮೊಗ್ಗ

ಸ್ಟಾಪ್ ಎಂದರೆ ತಡೆ ಅಂತಾಯಿತು. ತಡೆಯುವುದು ಒಡ್ಡು. ನಾನು ಹೇಳಿದ್ದೂ ಅದೇ! ಎಕ್ಸ್‌ಪೋಷರಿನಿಂದ ಕಿತ್ತು ಸ್ಟಾಪಿಗೆ ಇಡಿ.

ಇನ್ನು ದ್ಯುತಿರಂಧ್ರ. ನಮ್ಮ ಮಾಳಿಗೆ ಮನೆಗಳಲ್ಲಿ ಮೇಲೆ ಬೆಳಕಿಂಡಿ ಇರುತ್ತದೆ. ಮಳೆ ಬಂದರೆ ಮುಚ್ಚುತ್ತಾರೆ, ಹೊಳವಾದರೆ ತೆರೆಯುತ್ತಾರೆ. ಕ್ಯಾಮೆರಾ ಎಂಬ ಪದಕ್ಕೇ ಲ್ಯಾಟಿನ್ನಿನಲ್ಲಿ ಕೋಣೆ ಎಂದರ್ಥ. ಕೋಣೆಗೆ ಬೆಳಕಿಂಡಿ ಇಡುತ್ತಾರೋ ರಂಧ್ರ ಇಡುತ್ತಾರೋ?

— ವಿಜಯಪುರ

ದ್ಯುತಿಸಂಶ್ಲೇಷಣೆ ಎಂದು ಶಾಲೆ ಮಕ್ಕಳು ಬರೆಯುತ್ತಾರೆ. ದ್ಯುತಿ ಯಾರಿಗೂ ಹೊಸದಲ್ಲ. ಪಾರಿಭಾಷಿಕ ಪದಕ್ಕೆ ಒಂದು ಘನತೆ ಬೇಕು. ಮನೆಯ ತೂತುಗಳೆಲ್ಲ ಶಾಸ್ತ್ರಕ್ಕೆ ಆಗುವುದಿಲ್ಲ.

— ಮೈಸೂರು

ಘನತೆಯಂತೆ. ಛಾಯಾಗ್ರಹಣ ಎಂಬ ಘನವಾದ ಪದವನ್ನೇ ನೋಡಿ. ಫೋಟೊಗ್ರಫಿ ಎಂದರೆ ಗ್ರೀಕಿನಲ್ಲಿ ಬೆಳಕಿನ ಬರಹ. ಸಂಸ್ಕೃತಕ್ಕೆ ಬರುವಾಗ ಅದು ನೆರಳು ಹಿಡಿಯುವುದಾಯಿತು. ಗ್ರಹಣ ಬೇರೆ ಹಿಡಿಯಿತು. ಮೊದಲ ಹೆಜ್ಜೆಯಲ್ಲೇ ಎರಡು ಸ್ಟಾಪ್ ಅಂಡರ್. ತಿಟ್ಟ ಎಂದರೆ ಚಿತ್ರ, ಅಚ್ಚಗನ್ನಡದಲ್ಲಿ ‘ಬೆಳಕುದಿಟ್ಟ’ ಎನ್ನಬಹುದಿತ್ತು. ಇವತ್ತಿಗೂ ಅನ್ನಬಹುದು.

— ಬೆಂಗಳೂರು

ಬೆಳಕುದಿಟ್ಟ ಎಂದು ಯಾರೂ ಅನ್ನುವುದಿಲ್ಲ. ಫೋಟೊ ಎನ್ನುತ್ತಾರೆ.

— ಮೈಸೂರು

ಸಾರ್, ಈಗ ದಾರಿಗೆ ಬಂದಿರಿ! ಫೋಟೊ ಬಂತು, ಲೆನ್ಸ್ ಬಂತು. ಪೋರ್ಚುಗೀಸರ ಚಾವಿ, ಅಲಮಾರು ಬಂದು ಮನೆಯಲ್ಲೇ ಕೂತಿವೆ. ಎಕ್ಸ್‌ಪೋಷರ್ ಒಂದಕ್ಕೆ ಬಾಗಿಲು ಹಾಕುವುದು ಯಾಕೆ? ಶಟರ್ ಅಂತೂ ಪ್ರತಿ ಅಂಗಡಿಯವರೂ ರಾತ್ರಿ ಎಳೆಯುತ್ತಾರೆ. ಕವಾಟ ಎಳೆದವರನ್ನು ನಾನು ನೋಡಿಲ್ಲ.

— ಉಡುಪಿ

ಚಾವಿ ಬಂದರೂ ಬೀಗದ ಕೈ ಹೋಗಲಿಲ್ಲ. ಅದು ನಿಮಗೆ ಮರೆತಿದೆ. ಬರುವುದಕ್ಕೆ ನನ್ನ ತಕರಾರಿಲ್ಲ, ಇದ್ದದ್ದನ್ನು ಹೊರಗೆ ಹಾಕುವುದಕ್ಕೆ ಇದೆ.

— ಬೆಂಗಳೂರು

‘ತಕರಾರು’ ಅರಬ್ಬಿ.

— ಮೈಸೂರು

ಎಲ್ಲರಿಗೂ ವಂದನೆಗಳು. ಹತ್ತಾಗುತ್ತಾ ಬಂತು, ಫ್ಲೆಕ್ಸ್ ಅಂಗಡಿಯಲ್ಲೇ ನಿಂತು ಬರೆಯುತ್ತಿದ್ದೇನೆ. ಎಕ್ಸ್‌ಪೋಷರ್, ಶಟರ್, ಐಎಸ್‌ಒ ಹಾಗೇ ಬಿಟ್ಟೆ. ಹುಡುಗರಿಗೆ ಕ್ಯಾಮೆರಾದ ಮೆನುವಿನಲ್ಲಿ ಸಿಗುವುದು ಅವೇ. ಅಪರ್ಚರ್ ಪಕ್ಕದಲ್ಲಿ ಬೆಳಕಿಂಡಿ ಎಂದು ಹಾಕಿದೆ. ಸ್ಟಾಪಿಗೆ ಮೆಟ್ಟಿಲು, ಕಾಂಪನ್ಸೇಶನ್ನಿಗೆ ಸರಿದೂಗಿಕೆ. ಎರಡು ಮಾದರಿ ಫೋಟೊಗಳ ಕೆಳಗೆ ‘ಬಿಳಿಚಿದೆ’, ‘ಕಪ್ಪಿಟ್ಟಿದೆ’. ಪ್ರಿಂಟಿನ ಹುಡುಗ ಇವೆರಡನ್ನು ಮಾತ್ರ ಓದಿ, ಫೋಟೊ ನೋಡಿ, ತಲೆಯಾಡಿಸಿದ.

ಮೈಸೂರಿನವರಿಗೆ: ವೀಸವನ್ನು ಬಿಟ್ಟಿಲ್ಲ ಸಾರ್. ಬಲಗಡೆ ಮೂಲೆಯಲ್ಲಿದೆ. ಬಿರುಬಿಸಿಲಿನಲ್ಲಿ ಎಫ್/16 ಇಟ್ಟು, ಐಎಸ್‌ಒ 100 ಇದ್ದರೆ ಶಟರ್ 1/100ರ ಆಸುಪಾಸು, 200 ಇದ್ದರೆ 1/200. ಇದಕ್ಕೆ ‘ವೀಸದ ನಿಯಮ’ ಎಂದು ಹೆಸರಿಟ್ಟಿದ್ದೇನೆ.

— ಹಾಸನ

ನಿಯಮ ಸಂಸ್ಕೃತ. ಕಟ್ಟಲೆ ಎನ್ನಬಹುದಿತ್ತು.

— ಬೆಂಗಳೂರು